ಟೊಮೆಟೊ ಇಲ್ಲದ ಮಳೆಗಾಲ

ಆಷಾಢದ ಜಡಿಮಳೆಯಲ್ಲಿ ಘಟ್ಟದ ಮೇಲಿನ ಸಂತೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ಟೊಮೆಟೊ, ಎಲೆಕೋಸು, ಬೀನ್ಸ್. ಅವನ್ನು ಚೀಲಕ್ಕೆ ತುಂಬಿಕೊಳ್ಳುವವರ ಮನೆಯ ಹಿತ್ತಿಲಿನಲ್ಲೇ ಕೆಸು ಸೊಂಪಾಗಿ ಎದ್ದಿರುತ್ತದೆ. ಮಣ್ಣು ಸವರಿ ಕಾದಿಟ್ಟ ಹಲಸಿನ ಬೀಜ ಮೂಲೆಯಲ್ಲಿ ಉಳಿದಿರುತ್ತದೆ. ಬಾಳೆದಿಂಡು ಗೊಬ್ಬರಗುಂಡಿಯ ಪಾಲಾಗುತ್ತದೆ. ಅಡಿಕೆ ಮಾರಿದರೆ ತರಕಾರಿಯನ್ನು ಕೊಳ್ಳಬಹುದು, ಬೆಳೆಯುವ ರಗಳೆ ಏಕೆ ಎಂಬ ಲೆಕ್ಕ ಮಲೆನಾಡಿನಲ್ಲಿ ಬೇರೂರಿದೆ. ಎಲೆಚುಕ್ಕೆ ರೋಗ ಈಚಿನ ವರ್ಷಗಳಲ್ಲಿ ತೋಟದಿಂದ ತೋಟಕ್ಕೆ ಹಬ್ಬುತ್ತಿರುವಾಗ ಈ ಲೆಕ್ಕ ಎಷ್ಟು ದಿನ ನಡೆದೀತು?

ಇಂಥ ಸಂದರ್ಭದಲ್ಲಿ ಸಮುದಾಯ ಬೆಂಬಲಿತ ಕೃಷಿ ವಿಚಾರಕ್ಕೆ ಯೋಗ್ಯವಾದ ದಾರಿ. ಉಣ್ಣುವ ಮನೆಗಳು ಹಂಗಾಮು ಆರಂಭವಾಗುವ ಮೊದಲೇ ಬೆಳೆಗಾರನಿಗೆ ಹಣ ಕೊಡುತ್ತವೆ. ವಾರವಾರವೂ ಬೆಳೆದದ್ದರಲ್ಲಿ ಪಾಲು ಪಡೆಯುತ್ತವೆ. ಬೆಳೆ ಚೆನ್ನಾಗಿ ಬಂದರೆ ಬುಟ್ಟಿ ತುಂಬುತ್ತದೆ. ಮಂಗ, ಕಾಡುಹಂದಿ, ಅತಿವೃಷ್ಟಿಗಳಿಂದ ಬೆಳೆ ಹಾಳಾದರೆ ಆ ನಷ್ಟವೂ ಎಲ್ಲರ ನಡುವೆ ಹಂಚಿಹೋಗುತ್ತದೆ. ಜಪಾನಿನಲ್ಲಿ ಇದಕ್ಕೆ ‘ತೇಕೇ’ ಎಂದು ಹೆಸರು. 1971ರಲ್ಲಿ ತೆರುಓ ಇಚಿರಾಕು ಅವರ ಮುಂದಾಳತ್ವದಲ್ಲಿ ಅಲ್ಲಿ ಸಾವಯವ ಕೃಷಿ ಸಂಘ ಸ್ಥಾಪನೆಯಾಯಿತು; 1978ರಲ್ಲಿ ಆ ಸಂಘ ತೇಕೇಗೆ ಹತ್ತು ಸೂತ್ರಗಳನ್ನು ರೂಪಿಸಿತು. ಅಮೆರಿಕದಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ತೋಟಗಳು 1986ರಲ್ಲಿ ಇಂಥದೇ ಪದ್ಧತಿಗೆ ತೊಡಗಿದವು.

ಆ ಹತ್ತು ಸೂತ್ರಗಳಲ್ಲಿ ಮಲೆನಾಡಿಗೆ ಅತ್ಯಂತ ಮುಖ್ಯವಾದುದು ಹಣಕ್ಕೆ ಸಂಬಂಧಿಸಿದ್ದಲ್ಲ. ಬೆಳೆಗಾರ ಕಳಿಸಿದ್ದೆಲ್ಲವನ್ನೂ ಉಣ್ಣುವವರು ಸ್ವೀಕರಿಸಬೇಕು, ತಮ್ಮ ಊಟವನ್ನು ಆದಷ್ಟು ಅದರ ಮೇಲೆಯೇ ನಿಲ್ಲಿಸಬೇಕು ಎಂಬುದು ಆ ಸೂತ್ರ. ಇದನ್ನು ಕೈಬಿಟ್ಟು ಮುಂಗಡವನ್ನೂ ಬುಟ್ಟಿಯನ್ನೂ ಮಾತ್ರ ಉಳಿಸಿಕೊಂಡರೆ ಅದು ಮನೆಬಾಗಿಲಿಗೆ ತರಕಾರಿ ತಲುಪಿಸುವ ಅಂಗಡಿಯಾಗುತ್ತದೆ, ಅಷ್ಟೆ. ಗಿರಾಕಿ ಟೊಮೆಟೊ ಕೇಳುತ್ತಾನೆ. ತಿಂಗಳುಗಟ್ಟಲೆ ಎಲೆ ಒಣಗದ ಘಟ್ಟದ ಮಳೆಯಲ್ಲಿ ಟೊಮೆಟೊಗೆ ಅಂಗಮಾರಿಯೂ ಸೊರಗುರೋಗವೂ ಬೆನ್ನುಹತ್ತುತ್ತವೆ. ಬೆಳೆಗಾರ ಔಷಧಿ ಹೊಡೆಯಬೇಕು, ಇಲ್ಲವೇ ಸಂತೆಯಿಂದ ಕೊಂಡು ತಂದು ಬುಟ್ಟಿಗೆ ಹಾಕಬೇಕು. ಎರಡೂ ಯೋಜನೆಗೆ ಬಗೆದ ದ್ರೋಹವೇ.

ಆದ್ದರಿಂದ ಇದರ ಅಳಿವು ಉಳಿವು ಹೊಲಕ್ಕಿಂತ ಹೆಚ್ಚಾಗಿ ಒಲೆಯ ಬಳಿ ತೀರ್ಮಾನವಾಗುತ್ತದೆ. ಪೇಟೆಯ ಕೋಣೆಯಲ್ಲಿ ಅಡುಗೆ ಮಾಡಿಕೊಳ್ಳುವ ವಿದ್ಯಾರ್ಥಿಗೆ ಕೆಸುವಿನ ಕಟ್ಟು ಬಂತೆನ್ನಿ. ಸೊಪ್ಪಿನಂತೆ ಬಾಡಿಸಿ ತಿಂದರೆ ಗಂಟಲು ತುರಿಸುತ್ತದೆ. ಮುಂದಿನ ವಾರ ಅದು ಕಸದ ಬುಟ್ಟಿಗೆ ಹೋಗುತ್ತದೆ. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಈ ತುರಿಕೆಗೆ ಕಾರಣ. ಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕೆಂಬುದು ಕರಕಲಿ, ಪತ್ರೊಡೆ ಮಾಡುವವರೆಲ್ಲ ಬಲ್ಲ ಸಂಗತಿ. ಕಳಲೆಯ ವಿಷಯದಲ್ಲಿ ಅಜ್ಞಾನ ಇನ್ನೂ ಅಪಾಯಕರ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬಳಿಕ ಬೇಯಿಸುವ ಅಜ್ಜಿಯರ ಕ್ರಮ ಅದನ್ನು ತೆಗೆಯುವ ವಿಧಾನವೇ ಹೌದು. ಬುಟ್ಟಿಯೊಡನೆ ಈ ತಿಳಿವಳಿಕೆಯೂ ಮನೆ ತಲುಪದಿದ್ದರೆ ಬುಟ್ಟಿ ಹಿಂದಕ್ಕೆ ಬರುತ್ತದೆ.

ಹುಳಿಯದನ್ನೇ ನೋಡಿ. ಟೊಮೆಟೊ ಅಡುಗೆಮನೆಯನ್ನು ಆಳುವ ಮೊದಲು ಘಟ್ಟದವರು ಸಪ್ಪೆ ಉಣ್ಣುತ್ತಿರಲಿಲ್ಲ. ಬೇಸಿಗೆಗೆ ಮಾವಿನಕಾಯಿಯ ಅಪ್ಪೆಹುಳಿ. ಆಗಲೇ ಮುರುಗಲಿನ ಸಿಪ್ಪೆ ಒಣಗಿ ಭರಣಿ ಸೇರುತ್ತಿತ್ತು. ವಾಟೆಕಾಯಿಯನ್ನು ಹೆಚ್ಚಿ ಒಣಗಿಸಿಡುತ್ತಿದ್ದರು. ಮಳೆಗಾಲಕ್ಕೆ ಅಮಟೆಕಾಯಿ, ಚಳಿಗೆ ನೆಲ್ಲಿ, ಹಿತ್ತಿಲಿನಲ್ಲಿ ಬಿಂಬುಳಿ, ಕಂಚಿ. ಒಂದೊಂದರ ಹುಳಿಗೆ ಒಂದೊಂದು ಗುಣ. ಬಾಳೆದಿಂಡಿನ ಸಾಸಿವೆಗೆ ಒಪ್ಪುವುದು ಕೆಸುವಿಗೆ ಒಪ್ಪದು. ಒಂದೇ ಕೆಂಪು ಹಣ್ಣಿಗೆ ಇವೆಲ್ಲವನ್ನೂ ಒಪ್ಪಿಸಿಬಿಟ್ಟದ್ದು ನಾಲಿಗೆಯ ಬಡತನವೆನ್ನಬೇಕು. ಬಳಕೆ ನಿಂತ ಮೇಲೆ ವಾಟೆಮರಕ್ಕೆ ಕೊಡಲಿ ಹಾಕಲು ಯಾರೂ ಎರಡು ಬಾರಿ ಯೋಚಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಅಗತ್ಯವಿದೆ. ಸ್ಥಳೀಯವೆಂದ ಮಾತ್ರಕ್ಕೆ ಎಲ್ಲವೂ ಕಾಡಿಗೆ ಹಿತವಲ್ಲ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆಂದು ಉಪ್ಪಾಗೆಗೆ ಹೊರದೇಶಗಳಿಂದ ಬೇಡಿಕೆ ಬಂತು. ಕಾಯಿಗಾಗಿ ಕೊಂಬೆಗಳನ್ನೇ ಕಡಿದರು; ಫಸಲು ಬರುವುದೇ ಮಳೆಗಾಲದಲ್ಲಾದ್ದರಿಂದ ಸಿಪ್ಪೆ ಒಣಗಿಸಲು ಕಾಡಿನ ಸೌದೆ ಉರಿಯಿತು. ಅಪ್ಪೆಮಿಡಿಯ ಮರಗಳಿಗೂ ಇದೇ ಪಾಡು ಒದಗಿತು. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತರೂ ಹೊಳೆದಂಡೆಯ ಹಳೆಯ ಮರಗಳಿಗೆ ಅದರಿಂದಲೇ ರಕ್ಷಣೆ ಸಿಕ್ಕದು. ಹಾಗಾಗಿ ಬುಟ್ಟಿಗೆ ಹೋಗುವ ಕಳಲೆ ಸ್ವಂತ ಬೇಣದಲ್ಲಿ ನೆಟ್ಟ ಬಿದಿರಿನದಾಗಿರಬೇಕು. ಕಾಡಿನ ಮೆಳೆಯಿಂದ ತಂದದ್ದನ್ನು ಬೇಡವೆನ್ನುವ ಧೈರ್ಯ ಉಣ್ಣುವವರಿಗೂ ಇರಬೇಕು.

ಇನ್ನೊಂದು ಮಾತು ಹಣದ್ದು. ಹಿತ್ತಿಲಿನ ದುಡಿಮೆ ಹೆಚ್ಚಾಗಿ ಹೆಂಗಸರದು. ಬೀಜ ಕಾಯುವವರು ಅವರು, ಉಂಬಳದ ನಡುವೆ ಕಳೆ ಕೀಳುವವರೂ ಅವರೇ. ಅಡಿಕೆಯ ಹಣದಂತೆ ಈ ಮುಂಗಡವೂ ಯಜಮಾನನ ಖಾತೆಗೆ ಹೋಗುವುದಾದರೆ ಬಹುಕಾಲ ಬಾಳಲಾರದು. ಹಿತ್ತಿಲು ಯಾರದೋ ಹಣವೂ ಅವರದೇ ಎಂಬುದನ್ನು ಮೊದಲ ಸಭೆಯಲ್ಲೇ ಬರೆದಿಡುವುದು ಲೇಸು.

ಮನೆಗಳು ಚದುರಿರುವ ಸೀಮೆಯಲ್ಲಿ ಬುಟ್ಟಿಯನ್ನು ಹೊರುವವರಾರು ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆಂದೇ ವಾಹನ ಇಟ್ಟರೆ ಲಾಭವೆಲ್ಲ ಡೀಸೆಲಿಗೆ. ಆದರೆ ಹಾಲಿನ ಡೇರಿಗೆ ಊರಿನವರು ದಿನವೂ ಹೋಗಿಯೇ ಹೋಗುತ್ತಾರೆ. ವಾರಕ್ಕೊಮ್ಮೆ ಅದೇ ಕಟ್ಟೆಯ ಮೇಲೆ ಪಾಲು ಹಂಚಬಹುದು, ಪೇಟೆಯವರ ಪಾಲು ಬೆಳಗಿನ ಬಸ್ಸಿಗೆ ಏರಬಹುದು. ನೂರು ಮನೆ ಸೇರಿಸುವ ಆತುರ ಬೇಡ. ಐದು ಹಿತ್ತಿಲು, ಹತ್ತು ಹದಿನೈದು ಅಡುಗೆಮನೆ ಸಾಕು. ಕಾಲೇಜಿನ ಹುಡುಗ ಹುಡುಗಿಯರು ಮನೆಯ ಹಿರಿಯರನ್ನು ಕೇಳಿ, ಯಾವ ತಿಂಗಳಿಗೆ ಯಾವ ಎಲೆ, ಯಾವ ಹುಳಿ ಎಂದು ಒಂದು ವರ್ಷದ ಪಟ್ಟಿ ಬರೆದುಕೊಡಬಹುದು. ಮಳೆಗಾಲದ ಹೀರೆ, ಸೌತೆ, ಬೆಂಡೆಯ ಬೀಜ ಮುಂಗಾರಿನ ಆರಂಭಕ್ಕೆ ನೆಲ ಸೇರುತ್ತದೆ. ಮುಂಗಡ ಅದಕ್ಕೂ ಮೊದಲೇ, ಮೇ ತಿಂಗಳು ಮುಗಿಯುವುದರೊಳಗೆ ಕೈಸೇರಬೇಕು.