ಡ್ರಿಪ್ ನಳಿಕೆಯ ಒಳಗಿನ ಎಣ್ಣೆ

ಮಕ್ಕಳೇ, ಹೋಳಿಗೆ ಮಾಡುವ ದಿನ ಅಜ್ಜಿಯ ಪಕ್ಕ ಕುಳಿತು ಕಣಕ ಮುಟ್ಟಿ ನೋಡಿದ್ದೀರಾ? ಎಣ್ಣೆ ಹಾಕಿ ನಾದಿದ್ದರಿಂದಲೇ ಅದು ಅಷ್ಟು ಮೆತ್ತಗೆ. ಬೆರಳಿಟ್ಟರೆ ಸಾಕು, ಎಣ್ಣೆ ಕೈಗೆ ಹತ್ತುತ್ತದೆ.

ಈಗ ಅಜ್ಜನಿಗೆ ಡ್ರಿಪ್ ಹಾಕಿದ್ದಾಗ ಕಂಡ ನಳಿಕೆಯನ್ನು ನೆನಪಿಸಿಕೊಳ್ಳಿ. ಅದು ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್ಕಿನದು. ನಿಮ್ಮ ಮನೆಯ ನೀರಿನ ಪೈಪೂ ಪಿವಿಸಿಯೇ! ಪೈಪು ದೊಣ್ಣೆಯಂತೆ ಗಟ್ಟಿ, ನಳಿಕೆ ಮಾತ್ರ ಬಳ್ಳಿಯಂತೆ ಬಳುಕುತ್ತದೆ. ಏಕೆಂದರೆ ನಳಿಕೆಗೂ ಒಂದು ‘ಎಣ್ಣೆ’ ಹಾಕಿರುತ್ತಾರೆ. ಬಹುಕಾಲದಿಂದ ಬಳಸುತ್ತಿರುವುದು ಡಿಇಎಚ್‌ಪಿ ಎಂಬ ರಾಸಾಯನಿಕ. ತೂಕದಲ್ಲಿ ನೂರಕ್ಕೆ 30–40 ಪಾಲು ಅದೇ ಇರುವುದುಂಟು. ಅದು ಪ್ಲಾಸ್ಟಿಕ್ಕಿಗೆ ಬೆಸೆದುಕೊಂಡಿರುವುದಿಲ್ಲ, ಕಣಕದ ಎಣ್ಣೆಯಂತೆ ನಡುವೆ ಸೇರಿಕೊಂಡಿರುತ್ತದೆ, ಅಷ್ಟೆ.

ಉಪ್ಪುನೀರು, ಗ್ಲುಕೋಸ್ ನೀರು ಹರಿದರೆ ಅದು ಹೊರಬರುವುದು ತೀರ ಕಡಿಮೆ. ಜಿಡ್ಡಿನ ಔಷಧ ಹರಿದರೆ ಮಾತ್ರ ಅದರ ಜೊತೆ ಹೊರಟುಬಿಡುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ನೀರಿನಲ್ಲಿ ಕರಗದು. ಅದನ್ನು ಕರಗಿಸಲು ಬಳಸುವ ದ್ರವವನ್ನು ತಯಾರಿಸುವುದು ಹರಳೆಣ್ಣೆಯಿಂದ. (ಹರಳೆಣ್ಣೆಯ ಹೆಸರು ಕೇಳಿ ಅಜ್ಜ ಮುಖ ಹಿಂಡಿದರೆ ಕಾರಣ ಅವರನ್ನೇ ಕೇಳಿ!) ಆ ದ್ರವ ಪಿವಿಸಿಯೊಳಗಿನ ಡಿಇಎಚ್‌ಪಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಈ ಔಷಧಕ್ಕೆ ಗಾಜಿನ ಬಾಟಲಿ ಅಥವಾ ಬೇರೆ ಜಾತಿಯ ಪ್ಲಾಸ್ಟಿಕ್ಕನ್ನೇ ಬಳಸಬೇಕು.

ರಕ್ತದಲ್ಲೂ ಕೊಬ್ಬಿನ ಅಂಶವಿದೆ. ಚೀಲದಲ್ಲಿಟ್ಟ ರಕ್ತಕ್ಕೆ ಈ ವಸ್ತು ಇಳಿಯುತ್ತದೆಂದು 1970ರಲ್ಲೇ ಅಮೆರಿಕದ ವಿಜ್ಞಾನಿಗಳು ತೋರಿಸಿದ್ದರು. ಮತ್ತೆ ಇನ್ನೂ ಏಕೆ ಬಿಟ್ಟಿಲ್ಲ? ವಿಚಿತ್ರ ನೋಡಿ, ಅದೇ ಡಿಇಎಚ್‌ಪಿ ಕೆಂಪು ರಕ್ತಕಣಗಳು ಬೇಗ ಒಡೆಯದಂತೆ ಕಾಪಾಡುತ್ತದೆ! ಅದಿಲ್ಲದ ಚೀಲದಲ್ಲಿ ರಕ್ತವನ್ನು ಅಷ್ಟೇ ದಿನ ಕೆಡದಂತೆ ಇಡುವುದು ಸುಲಭವಲ್ಲ.

ಹೆಚ್ಚು ಚಿಂತೆ ಇರುವುದು ತೀವ್ರ ನಿಗಾ ಘಟಕದ ಹಸುಗೂಸುಗಳ ಬಗ್ಗೆ. ಪುಟ್ಟ ಮೈ, ಸುತ್ತ ಹತ್ತಾರು ನಳಿಕೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಡಿಇಎಚ್‌ಪಿಯಿಂದ ಗಂಡುಮರಿಗಳ ಜನನಾಂಗದ ಬೆಳವಣಿಗೆ ಕೆಟ್ಟದ್ದು ಕಂಡಿತ್ತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಗಂಡು ಶಿಶುಗಳಿಗೆ ಸಾಧ್ಯವಾದಲ್ಲಿ ಬೇರೆ ಸಾಧನ ಬಳಸಿ ಎಂದಿತು. ಜೊತೆಗೇ, ಬೇರೆ ಸಿಗದಿದ್ದರೆ ಚಿಕಿತ್ಸೆಯನ್ನೇ ನಿಲ್ಲಿಸಬೇಡಿ, ಅದರ ಅಪಾಯ ಇನ್ನೂ ದೊಡ್ಡದು ಎಂದೂ ಹೇಳಿತು. ಆದ್ದರಿಂದ ಅಜ್ಜಂದಿರೇ, ಡಾಕ್ಟರು ಡ್ರಿಪ್ ಬೇಕೆಂದರೆ ಈ ಪುಟವನ್ನು ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ!

ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿ, ಡ್ರಿಪ್ ಚೀಲಗಳಿಂದ ಡಿಇಎಚ್‌ಪಿಯನ್ನು ಕೈಬಿಡಲು 2030ರ ಗಡುವು ಕೊಟ್ಟಿದೆ. ನಳಿಕೆಗಳಿಗೆ ಇನ್ನೂ ಐದು ವರ್ಷ ಹೆಚ್ಚು.