ಶಾಲೆಯ ಹೊರಗಿನ ಮಗುವೂ ಆಟದ ಅಂಗಳವೂ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಪದ್ಧತಿ ನಮ್ಮ ದೊಡ್ಡ ನಗರಗಳಲ್ಲಿ ಅಲ್ಲಲ್ಲಿ ಕಾಣಿಸಿಕೊಂಡಿದೆ. ಹೊರದೇಶಗಳಲ್ಲಿ ನೆಲೆಸಿದ ಬಂಧುಗಳಿಗೆ ಇದು ಹೊಸತೇನಲ್ಲ. ಇಂತಹ ಮಗು ಓದಿನಲ್ಲಿ ಹಿಂದೆ ಬೀಳಬೇಕೆಂದೇನೂ ಇಲ್ಲ. ಪಾಠ ಹೇಳುವ ತಾಯಿತಂದೆಗಳಿದ್ದಾರೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಯೂ ಇದೆ. ಆದರೆ ಕಬಡ್ಡಿಗೆ ಏಳು ಜನ ಬೇಕು, ವಾಲಿಬಾಲ್‌ಗೆ ಆರು ಜನ ಬೇಕು. ಅವರನ್ನು ಪಡಸಾಲೆಯಲ್ಲಿ ಕೂಡಿಸುವುದು ಹೇಗೆ?

ನಮ್ಮ ರಾಜ್ಯದ ಶಾಲಾ ಕ್ರೀಡಾಕೂಟಗಳ ಮೆಟ್ಟಿಲುಗಳು ಪಾಲಕರೆಲ್ಲರಿಗೂ ತಿಳಿದವೇ ಆಗಿವೆ: ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕಮಲಾಪುರದ ಹಳ್ಳಿಯ ಹುಡುಗಿಯೊಬ್ಬಳು ಚೆನ್ನಾಗಿ ಓಡಿದರೆ ಇವೇ ಮೆಟ್ಟಿಲು ಹತ್ತಿ ಕಲಬುರಗಿಗೆ, ಅಲ್ಲಿಂದ ಮುಂದಕ್ಕೆ ಹೋಗುತ್ತಾಳೆ. ಆದರೆ ಮೊದಲ ಮೆಟ್ಟಿಲಿನಲ್ಲಿಯೇ ಒಂದು ಕಾಗದ ಬೇಕು: ಮುಖ್ಯೋಪಾಧ್ಯಾಯರ ರುಜು, ಶಾಲೆಯ ಮೊಹರು, ದಾಖಲಾತಿ ವಹಿಯಲ್ಲಿರುವ ಜನ್ಮದಿನಾಂಕ. ಸ್ಪರ್ಧೆಗೆ ಬರುವುದು ಮಗುವಲ್ಲ, ಶಾಲೆ. ಶಾಲೆಯಿಲ್ಲದ ಮಗುವಿಗೆ ಹೆಸರೇ ಇಲ್ಲ.

ಇದು ಕೇವಲ ಆಟದ ಮಾತೆಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಕ್ರೀಡಾಪಟುಗಳ ನೇಮಕಕ್ಕೆ 1980ರಲ್ಲಿ ಹೊರಟ ಆದೇಶದಲ್ಲಿಯೇ, ರಾಜ್ಯದ ಶಾಲಾ ತಂಡದಲ್ಲಿ ಆಡಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಹೋದವರಿಗೆ ಸ್ಥಾನ ಕಲ್ಪಿಸಲಾಗಿತ್ತು. ಬಡ ಮನೆಯ ಮಗುವಿಗೆ ಈ ಪ್ರಮಾಣಪತ್ರವು ಅನ್ನದ ದಾರಿಯಾಗಬಲ್ಲದು.

ಮನೆಯಲ್ಲಿ ಓದುವ ಮಕ್ಕಳು ಎಷ್ಟು ಮಂದಿ, ಅವರಿಗಾಗಿ ಇಷ್ಟು ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಅವರು ಒಮ್ಮೆ ಸ್ಟೇಶನ್ ಬಜಾರದ ಕಡೆ ಕಣ್ಣು ಹಾಯಿಸಲಿ. ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಹೊತ್ತು ಮುಂಬಯಿ, ಪುಣೆ, ಬೆಂಗಳೂರಿನ ಗಾಡಿ ಹಿಡಿಯುವ ಕುಟುಂಬಗಳಲ್ಲಿ ಮಕ್ಕಳೂ ಇರುತ್ತಾರೆ. ಹೋದ ಊರಿನ ಶಾಲೆಗೆ ಅವರು ಸೇರಿರುವುದಿಲ್ಲ. ಊರಿನ ಶಾಲೆಯ ಹಾಜರಿಯಲ್ಲಿ ಅವರ ಹೆಸರಿನ ಮುಂದೆ ಗೈರು ಬೀಳುತ್ತದೆ. ಮುಂದೆ ಹತ್ತನೆಯ ತರಗತಿಗೆ ಖಾಸಗಿ ಅಭ್ಯರ್ಥಿಯಾಗಿ ಕೂಡುವವರೂ ಇಂತಹವರಲ್ಲಿ ಇದ್ದಾರೆ. ಒಬ್ಬನು ಬಯಸಿ ಶಾಲೆಯ ಹೊರಗಿದ್ದಾನೆ, ಇನ್ನೊಬ್ಬನು ಬವಣೆಯಿಂದ ಹೊರಗಿದ್ದಾನೆ. ಆಟದ ಅಂಗಳದ ಬಾಗಿಲು ಇಬ್ಬರಿಗೂ ಒಂದೇ ರೀತಿ ಮುಚ್ಚಿದೆ.

ಹಾಗೆಂದು ಶಾಲೆಗಳವರ ಆಕ್ಷೇಪವನ್ನು ಲಘುವಾಗಿ ಕಾಣಬಾರದು. ವಯಸ್ಸು ಮುಚ್ಚಿಟ್ಟು ದೊಡ್ಡ ಹುಡುಗರನ್ನು ಕಿರಿಯರ ತಂಡದಲ್ಲಿ ಆಡಿಸುವ ಚಾಳಿ ನಮ್ಮಲ್ಲಿ ಹಳೆಯದು. ವಹಿಯ ಕಟ್ಟು ಸಡಿಲಿಸಿದರೆ ನುರಿತ ಆಟಗಾರರನ್ನು ಊರೂರಿಂದ ಆರಿಸಿ ತಂದು ‘ಮನೆಯಲ್ಲಿ ಓದುವವರು’ ಎಂದು ತಂಡ ಕಟ್ಟುವವರು ಹುಟ್ಟಿಕೊಂಡಾರು. ವರ್ಷವಿಡೀ ಬಿಸಿಲಿನಲ್ಲಿ ಮಕ್ಕಳನ್ನು ತಿದ್ದಿದ ದೈಹಿಕ ಶಿಕ್ಷಕರಿಗೆ ಅದು ಅನ್ಯಾಯವಾಗುತ್ತದೆ.

ಈ ತೊಡಕನ್ನು ಅಮೆರಿಕದ ಫ್ಲಾರಿಡಾ ರಾಜ್ಯವು 1996ರಲ್ಲಿ ಕಾನೂನಿನಿಂದ ಬಿಡಿಸಿತು. ಮನೆಯಲ್ಲಿ ಓದುವ ಮಗು ತನ್ನ ವಾಸಸ್ಥಳಕ್ಕೆ ಸೇರಿದ ಸರ್ಕಾರಿ ಶಾಲೆಯ ತಂಡದಲ್ಲಿ ಆಡಬಹುದು. ಆದರೆ ಓದಿನಲ್ಲಿ ಪ್ರಗತಿ ತೋರಬೇಕು, ಇತರ ವಿದ್ಯಾರ್ಥಿಗಳ ಶಿಸ್ತಿಗೇ ಒಳಪಡಬೇಕು. ಈ ದಾರಿಯಲ್ಲಿ ಬಂದ ಟಿಮ್ ಟೀಬೋ ಎಂಬ ಹುಡುಗ 2007ರಲ್ಲಿ ಆ ದೇಶದ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ ಪಡೆದನು. ಟೆಕ್ಸಸ್ ರಾಜ್ಯವು 2021ರಲ್ಲಿ ಇಂತಹುದೇ ಕಾನೂನು ಮಾಡಿ, ಒಪ್ಪುವ ನಿರ್ಧಾರವನ್ನು ಆಯಾ ಶಾಲಾ ಜಿಲ್ಲೆಗೆ ಬಿಟ್ಟಿತು. ವರ್ಜೀನಿಯಾದಲ್ಲಿ ಶಾಸನಸಭೆ ಒಪ್ಪಿದ ಮಸೂದೆಯನ್ನು ರಾಜ್ಯಪಾಲರು ತಡೆದದ್ದೂ ಉಂಟು. ಆದುದರಿಂದ ಇದು ಎಲ್ಲ ಕಡೆಯೂ ತೀರ್ಮಾನವಾದ ವಿಷಯವಲ್ಲ.

ನಮ್ಮ ದೇಶದ ಡಿ. ಗುಕೇಶ್ ನಾಲ್ಕನೆಯ ತರಗತಿಯ ನಂತರ ನಿತ್ಯದ ಶಾಲೆ ಬಿಟ್ಟು, 2024ರ ಡಿಸೆಂಬರಿನಲ್ಲಿ ಹದಿನೆಂಟರ ವಯಸ್ಸಿಗೆ ಚದುರಂಗದ ವಿಶ್ವವಿಜೇತನಾದನು. ಚದುರಂಗದ ಪಂದ್ಯಗಳು ಶಾಲೆಯ ವಹಿಯನ್ನೇ ನೆಚ್ಚಿಕೊಂಡಿಲ್ಲವಾದ್ದರಿಂದ ಅದು ಸಾಧ್ಯವಾಯಿತು. ಒಬ್ಬಂಟಿ ಆಟಕ್ಕೆ ಇರುವ ಈ ಸೌಲಭ್ಯ ತಂಡದ ಆಟಕ್ಕೆ ಇಲ್ಲ.

ಪಾಲಕರು ತಿಳಿದಿರಬೇಕಾದ ಬೇರೆ ಬಾಗಿಲುಗಳೂ ಇವೆ. ಅಥ್ಲೆಟಿಕ್ಸ್ ಸಂಸ್ಥೆಗಳು ನಡೆಸುವ ಅಂತರ ಜಿಲ್ಲಾ ಕಿರಿಯರ ಕೂಟಕ್ಕೆ ಮಗು ಹೋಗುವುದು ಜಿಲ್ಲೆಯ ಹೆಸರಿನಲ್ಲಿ, ಶಾಲೆಯ ಹೆಸರಿನಲ್ಲಲ್ಲ. ತಾಲ್ಲೂಕಿನಿಂದ ಆರಂಭವಾಗುವ ದಸರಾ ಕ್ರೀಡಾಕೂಟವೂ ಶಾಲೆಗಳಿಗೆ ಮಾತ್ರ ಮೀಸಲಾದುದಲ್ಲ. ಜನನ ಪ್ರಮಾಣಪತ್ರವನ್ನು ಜೋಪಾನವಾಗಿಟ್ಟುಕೊಂಡವರು ಇಂತಹ ಕಡೆ ವಿಚಾರಿಸಬೇಕು.

ನಮ್ಮ ಅಭಿಪ್ರಾಯವಿಷ್ಟು. ಮನೆಯಲ್ಲಿ ಓದುವವರಿಗೆ ಪ್ರತ್ಯೇಕ ತಂಡ ಬೇಡ; ವಂಚನೆಗೆ ದಾರಿಯಾಗುವುದು ಅಲ್ಲಿಯೇ. ವಾಸಿಸುವ ಓಣಿಗೆ ಹತ್ತಿರದ ಶಾಲೆಯೊಂದು ಆ ಮಗುವನ್ನು ಆಟದ ಮಟ್ಟಿಗೆ ತನ್ನದೆಂದು ಬರೆದುಕೊಳ್ಳಲಿ. ವರ್ಷಕ್ಕೆ ಒಂದೇ ಶಾಲೆ, ಜನನ ಪ್ರಮಾಣಪತ್ರವೇ ಆಧಾರ, ಅಭ್ಯಾಸಕ್ಕೆ ತಪ್ಪದ ಹಾಜರಿ ಎಂಬ ಮೂರು ಕಟ್ಟಳೆಗಳಿದ್ದರೆ ಮೋಸಕ್ಕೆ ಎಡೆ ಕಡಿಮೆ. ನಿಯಮ ಬದಲಾಗುವುದು ಸರ್ಕಾರದ ಕೈಯಲ್ಲಿದೆ, ಅದಕ್ಕೆ ಕಾಲ ಹಿಡಿಯುತ್ತದೆ. ಆದರೆ ಸಂಜೆ ಐದರ ಮೇಲೆ ಶಾಲೆಯ ಗೇಟು ತೆರೆದಿಡಲು ಯಾವ ಆದೇಶವೂ ಬೇಕಿಲ್ಲ. ಮಠಮಾನ್ಯಗಳ ಆಡಳಿತದಲ್ಲಿ, ಸಮಾಜದ ಹಿರಿಯರ ಕೈಯಲ್ಲಿ ಎಷ್ಟೋ ಶಾಲೆಗಳಿವೆ, ಎಷ್ಟೋ ಬಯಲುಗಳಿವೆ. ಅನ್ನದ ಪಂಕ್ತಿಯಲ್ಲಿ ಯಾರ ಮಗುವೆಂದು ಕೇಳದವರು ಆಟದ ಪಂಕ್ತಿಯಲ್ಲಿ ಕೇಳುವುದು ಸರಿಯಲ್ಲ. ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿಕೊಳ್ಳಲೆಂದು ನಾವು ಬಯಸುತ್ತೇವೆ.