ರೇಡಿಯೊ ಎದ್ದಿದೆ, ಕೇಂದ್ರ ಮಲಗಿದೆ

ಆನ್‌ಲೈನ್ ಮಳಿಗೆಗಳಲ್ಲಿ 'ಎಮರ್ಜೆನ್ಸಿ ವೆದರ್ ರೇಡಿಯೊ' ಎಂದು ಹುಡುಕಿದರೆ ಊಟದ ಡಬ್ಬಿಯಷ್ಟು ದೊಡ್ಡ ಕೆಂಪು, ಹಸಿರು ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಬದಿಯಲ್ಲಿ ಮಡಚಿಡುವ ಹಿಡಿಕೆ, ನೆತ್ತಿಯ ಮೇಲೆ ಪುಟ್ಟ ಸೋಲಾರ್ ಫಲಕ, ಮುಂದೆ ಟಾರ್ಚ್, ಹಿಂದೆ ಮೊಬೈಲ್ ಚಾರ್ಜ್ ಮಾಡುವ ಕಿಂಡಿ. ಮಳೆಗಾಲ ಹತ್ತಿರವಾದಂತೆ ಮಲೆನಾಡಿನ ತೋಟದ ಮನೆಯವರಿಗೂ ಚಾರಣಕ್ಕೆ ಚೀಲ ಕಟ್ಟುವ ಬೆಂಗಳೂರಿನ ಹುಡುಗರಿಗೂ ಒಂದು ಕೊಂಡಿಟ್ಟರೆ ಹೇಗೆ ಎನಿಸುವುದು ಸಹಜ. ಕೊಳ್ಳಬಹುದು. ಆದರೆ ಬ್ಯಾಂಡ್ ಬದಲಿಸುವ ಗುಂಡಿಯ ಮೇಲೆ ಎಎಂ, ಎಫ್‌ಎಂ ಪಕ್ಕದಲ್ಲಿ 'ಡಬ್ಲ್ಯೂಬಿ' ಎಂದು ಬರೆದಿರುತ್ತದೆ. ಅದು ವೆದರ್ ಬ್ಯಾಂಡ್. ಜಾಹೀರಾತಿನ ಅರ್ಧ ಅಬ್ಬರ ಅದರದ್ದೇ. ಕರ್ನಾಟಕದಲ್ಲಿ ಗುಂಡಿಯನ್ನು ಅಲ್ಲಿಗೆ ತಿರುಗಿಸಿದರೆ ಹವಾಮಾನದ ಒಂದು ಮಾತೂ ಕೇಳಿಸದು, ಬರೀ ಗೊರಗೊರ.

ಈ ಪೆಟ್ಟಿಗೆ ರೂಪುಗೊಂಡದ್ದು ಅಮೆರಿಕದ ಅಗತ್ಯಕ್ಕೆ. ಅಲ್ಲಿ ಹವಾಮಾನಕ್ಕೆಂದೇ ಪ್ರತ್ಯೇಕ ರೇಡಿಯೊ ಜಾಲವಿದೆ. 'ನೋವಾ' ಎಂಬ ಸರ್ಕಾರಿ ಸಂಸ್ಥೆ ಸಾವಿರಕ್ಕೂ ಹೆಚ್ಚು ಟ್ರಾನ್ಸ್‌ಮಿಟರ್‌ಗಳ ಮೂಲಕ, 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ತರಂಗಾಂತರಗಳಲ್ಲಿ, ಹಗಲಿರುಳೂ ಮಳೆ, ಗಾಳಿ, ಪ್ರವಾಹಗಳ ವರದಿ ಬಿತ್ತರಿಸುತ್ತದೆ. ಅಪಾಯ ಎದುರಾದಾಗ ಟ್ರಾನ್ಸ್‌ಮಿಟರ್‌ನಿಂದ ಒಂದು ಸಂಕೇತ ಹೊರಡುತ್ತದೆ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ರೇಡಿಯೊ ತಾನಾಗಿಯೇ ಕಿರುಚಿ ಮಲಗಿದವರನ್ನು ಎಬ್ಬಿಸುತ್ತದೆ. ತಮ್ಮ ಕೌಂಟಿಯ ಸಂಖ್ಯೆಯನ್ನು ಮೊದಲೇ ತುಂಬಿಟ್ಟರೆ ಪಕ್ಕದ ಕೌಂಟಿಯ ಎಚ್ಚರಿಕೆಗೆಲ್ಲ ನಿದ್ದೆ ಕೆಡುವುದಿಲ್ಲ. ಈ ಸೌಲಭ್ಯದ ಹೆಸರು 'ಸೇಮ್'. ಡಲ್ಲಾಸ್, ಹ್ಯೂಸ್ಟನ್ ಕಡೆ ನೆಲೆಸಿರುವ ಕನ್ನಡಿಗರು ಕೊಳ್ಳುವಾಗ ಮೊದಲು ವಿಚಾರಿಸಬೇಕಾದ್ದು ಇದನ್ನೇ. ಕೈಯಲ್ಲಿ ತಿರುಗಿಸುವ ಸಣ್ಣ ಸೆಟ್ಟುಗಳಲ್ಲಿ 'ಅಲರ್ಟ್' ಇರುತ್ತದೆ, 'ಸೇಮ್' ಇರುವುದು ಅಪರೂಪ. ಮನೆಗೆ 'ಸೇಮ್' ಇರುವ ಮೇಜಿನ ರೇಡಿಯೊ, ಡೇರೆಗೆ ಹಿಡಿಕೆಯ ರೇಡಿಯೊ ಎಂದು ಎರಡನ್ನೂ ಇಟ್ಟುಕೊಳ್ಳುವುದು ಅಲ್ಲಿ ಒಳ್ಳೆಯ ಲೆಕ್ಕಾಚಾರ.

ಮಲಗಿದವರನ್ನು ಎಬ್ಬಿಸುವ ಎಚ್ಚರಿಕೆ ಎಷ್ಟು ಮುಖ್ಯ ಎಂಬುದಕ್ಕೆ 2025ರ ಜುಲೈ 4ರ ಟೆಕ್ಸಾಸ್ ಸಾಕ್ಷಿ. ಕೆರ್ ಕೌಂಟಿಗೆ ದಿಢೀರ್ ಪ್ರವಾಹದ ಎಚ್ಚರಿಕೆ ಹೊರಟಿದ್ದು ನಡುರಾತ್ರಿ 1.14ಕ್ಕೆ. ಗ್ವಾಡಲೂಪ್ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು. ದಂಡೆಯ ಮೇಲಿದ್ದ ಕ್ಯಾಂಪ್ ಮಿಸ್ಟಿಕ್ ಎಂಬ ಹೆಣ್ಣುಮಕ್ಕಳ ಬೇಸಿಗೆ ಶಿಬಿರದಲ್ಲೇ ಮಕ್ಕಳು, ಮೇಲ್ವಿಚಾರಕಿಯರು ಸೇರಿ 27 ಜೀವ ಹೋದವು. ಮಕ್ಕಳ ಕೈಯಲ್ಲಿ ಮೊಬೈಲ್ ಇರಲಿಲ್ಲ. ಆ ಕಣಿವೆಯ ಹಲವು ಕಡೆ ನೆಟ್‌ವರ್ಕೂ ದುರ್ಬಲ. ಎಚ್ಚರಿಕೆ ಹೊರಟಿತೇ ಎಂಬುದಕ್ಕಿಂತ ಅದು ಯಾರ ಕಿವಿಗೆ ಬಿತ್ತು, ಬಿದ್ದ ಮೇಲೆ ಯಾರು ಏನು ಮಾಡಿದರು ಎಂಬ ಪ್ರಶ್ನೆ ಅಲ್ಲಿ ಬಹಳ ದಿನ ಕಾಡಿತು.

ಇನ್ನೊಂದು ಬಗೆಯ ಅನುಭವ ಪೋರ್ಟೊ ರಿಕೊದ್ದು. 2017ರ ಸೆಪ್ಟೆಂಬರ್‌ನಲ್ಲಿ ಮಾರಿಯಾ ಚಂಡಮಾರುತ ಬಡಿದಾಗ ಆ ದ್ವೀಪದ ನೂರಕ್ಕೆ 95ರಷ್ಟು ಮೊಬೈಲ್ ಟವರ್‌ಗಳು ಸತ್ತುಬಿದ್ದವು. ಜನರಿಗೆ ಉಳಿದದ್ದು ಬ್ಯಾಟರಿ ರೇಡಿಯೊ ಮತ್ತು ಕಾರಿನ ರೇಡಿಯೊ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ದೇಶಗಳಲ್ಲಿ ಒಮ್ಮೆಲೇ ಕರೆಂಟ್ ಹೋದಾಗ ನಗರದ ಜನ ಅಂಗಡಿಗೆ ನುಗ್ಗಿ ಟ್ರಾನ್ಸಿಸ್ಟರ್ ಕೊಂಡರು. ಮೊಬೈಲ್ ಇದ್ದ ಮೇಲೆ ರೇಡಿಯೊ ಯಾರಿಗೆ ಬೇಕು ಎನ್ನುವ ಮಾತು ಟವರ್‌ಗೆ ಕರೆಂಟ್ ಇರುವವರೆಗೆ ಮಾತ್ರ ನಿಲ್ಲುತ್ತದೆ.

ಅದನ್ನು ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ. 2018ರ ಆಗಸ್ಟ್ ನಡುವಿನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡಗಳು ಜಾರಿದಾಗ ಮಡಿಕೇರಿ-ಸಂಪಾಜೆ ರಸ್ತೆ ತುಂಡಾಯಿತು, ಕರೆಂಟ್ ಕಂಬಗಳು ಮಲಗಿದವು, ಫೋನು ಸತ್ತಿತು. ಯಾವ ದಾರಿ ತೆರೆದಿದೆ, ಗಂಜಿ ಕೇಂದ್ರ ಎಲ್ಲಿದೆ, ಇನ್ನೂ ಮಳೆ ಇದೆಯೇ ಎಂಬ ಮೂರೇ ಪ್ರಶ್ನೆಗಳಿಗೆ ಉತ್ತರ ಬೇಕಿತ್ತು. ಅಂಥ ಹೊತ್ತಿನಲ್ಲಿ ಉತ್ತರ ಹೊತ್ತು ತರಬಲ್ಲದ್ದು ಟವರ್‌ನ ಹಂಗಿಲ್ಲದ ಸಾಧನ.

ಅಂಥ ಸಾಧನಕ್ಕೆ ಹಿಡಿಕೆ ಬಂದ ಕತೆಯೂ ಚೆನ್ನಾಗಿದೆ. ಇಂಗ್ಲೆಂಡಿನ ಟ್ರೆವರ್ ಬೇಲಿಸ್ 1991ರಲ್ಲಿ ಆಫ್ರಿಕಾದ ಏಡ್ಸ್ ಕುರಿತ ಟಿವಿ ಕಾರ್ಯಕ್ರಮ ನೋಡುತ್ತಿದ್ದರು. ರೋಗದ ತಿಳಿವಳಿಕೆ ಹರಡಲು ರೇಡಿಯೊ ಬೇಕು, ಆದರೆ ಅಲ್ಲಿನ ಹಳ್ಳಿಗರಿಗೆ ಸೆಲ್ ಕೊಳ್ಳುವ ಶಕ್ತಿಯಿಲ್ಲ ಎಂಬ ಮಾತು ಕೇಳಿ, ಕೀಲಿ ಕೊಟ್ಟರೆ ಹಾಡುವ ರೇಡಿಯೊ ಕಟ್ಟಲು ಕೂತರು. ಮೊದಲ ಮಾದರಿ 14 ನಿಮಿಷ ಓಡಿತು. ಮುಂದೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 'ಫ್ರೀಪ್ಲೇ' ಹೆಸರಿನಲ್ಲಿ ಅದರ ತಯಾರಿಕೆ ನಡೆಯಿತು. ಬೇಲಿಸ್ ಬಳಸಿದ್ದು ಸ್ಪ್ರಿಂಗ್. ಇಂದಿನವುಗಳಲ್ಲಿ ಇರುವುದು ಪುಟ್ಟ ಡೈನಮೊ ಮತ್ತು ಅದು ತುಂಬಿಸುವ ಒಂದು ಬ್ಯಾಟರಿ.

ಎಡವಟ್ಟು ಇರುವುದೂ ಈ ಬ್ಯಾಟರಿಯಲ್ಲೇ. ಹಲವು ಅಗ್ಗದ ಸೆಟ್ಟುಗಳಲ್ಲಿ ಡೈನಮೊ ನೇರವಾಗಿ ರೇಡಿಯೊವನ್ನು ನಡೆಸುವುದಿಲ್ಲ, ಬ್ಯಾಟರಿಯನ್ನು ತುಂಬಿಸುತ್ತದೆ. ಎರಡು ವರ್ಷ ಬೀರುವಿನಲ್ಲಿ ಮಲಗಿದ್ದ ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾಗಿ ಕೆಟ್ಟಿದ್ದರೆ ತೋಳು ಸೋಲುವವರೆಗೆ ತಿರುಗಿಸಿದರೂ ಪ್ರಯೋಜನವಿಲ್ಲ. ಕೊಂಡವರು ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಚಾರ್ಜ್‌ಗೆ ಹಾಕಬೇಕು.

ಇನ್ನು ತೋಳಿನ ಲೆಕ್ಕ. ಸಣ್ಣ ಹಿಡಿಕೆಯನ್ನು ಒಂದೇ ಸಮನೆ ತಿರುಗಿಸಿದರೆ ಸಿಗುವುದು ಹೆಚ್ಚೆಂದರೆ ಎರಡು ವ್ಯಾಟ್ ಎಂದಿಟ್ಟುಕೊಳ್ಳೋಣ. ಮೆಲುದನಿಯಲ್ಲಿ ರೇಡಿಯೊಗೆ ಬೇಕಾದದ್ದು 0.2 ವ್ಯಾಟ್‌ನಷ್ಟು. ಹಾಗಾಗಿ ಒಂದು ನಿಮಿಷದ ತಿರುಗಾಟಕ್ಕೆ ಹತ್ತು ನಿಮಿಷದ ವಾರ್ತೆ ದಕ್ಕೀತು, ಒಳ್ಳೆಯ ವ್ಯಾಪಾರವೇ. ಮೊಬೈಲ್ ವಿಷಯ ಬೇರೆ. 5,000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಹಿಡಿಸುತ್ತದೆ. ಅದನ್ನು ಕೈಯಿಂದ ತುಂಬಿಸಹೊರಟರೆ ಒಂಬತ್ತು ಹತ್ತು ಗಂಟೆ ಬಿಡುವಿಲ್ಲದೆ ತಿರುಗಿಸಬೇಕು. ಹಿಡಿಕೆಯಿಂದ ಮೊಬೈಲ್ ಚಾರ್ಜ್ ಆಗುತ್ತದೆ ಎನ್ನುವ ಜಾಹೀರಾತು ಸುಳ್ಳಲ್ಲ, ಆದರೆ ಒಂದು ತುರ್ತು ಕರೆಗಾಗುವಷ್ಟು ಎಂದು ಅರ್ಥ ಮಾಡಿಕೊಳ್ಳಬೇಕು. ನೆತ್ತಿಯ ಸೋಲಾರ್ ಫಲಕದ ಹಣೆಬರಹವೂ ಅಷ್ಟೇ. ಆಗುಂಬೆಯ ಜುಲೈನಲ್ಲಿ ರೇಡಿಯೊ ಬೇಕಾಗುವ ದಿನವೇ ಸೂರ್ಯ ರಜೆಯಲ್ಲಿರುತ್ತಾನೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಹಿಡಿಕೆ, ಸೋಲಾರ್, ಯುಎಸ್‌ಬಿ ಜೊತೆಗೆ ಅಂಗಡಿಯ ಮಾಮೂಲಿ ಪೆನ್ ಸೆಲ್ಲಿಗೂ ಜಾಗವಿರುವುದನ್ನು. ಇದೊಂದು ಗುಣಕ್ಕೆ ಬೇರೆ ಯಾವುದೂ ಸಮವಲ್ಲ. ಎರಡು ಒಳ್ಳೆಯ ಆಲ್ಕಲೈನ್ ಸೆಲ್ಲುಗಳಲ್ಲಿ ಐದು ವ್ಯಾಟ್-ಗಂಟೆಯಷ್ಟು ಶಕ್ತಿಯಿದೆ. ಅಷ್ಟನ್ನು ಹಿಡಿಕೆಯಿಂದ ಪಡೆಯಲು ಎರಡೂವರೆ ಗಂಟೆಯ ಕಸರತ್ತು ಬೇಕು. ಸೆಲ್ಲುಗಳನ್ನು ರೇಡಿಯೊದೊಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ಹಸಿರುಗಟ್ಟುತ್ತದೆ, ಆದ್ದರಿಂದ ಪಕ್ಕದಲ್ಲಿ ಪೊಟ್ಟಣದಲ್ಲೇ ಇಡಬೇಕು. ಹಿಡಿಕೆಯನ್ನು ಅಂಗಡಿಯಲ್ಲೇ ಒಂದು ನಿಮಿಷ ತಿರುಗಿಸಿ ನೋಡಬೇಕು. ಕೀಲು ಅಲ್ಲಾಡಿದರೆ, ಒಳಗೆ ಹಲ್ಲು ಜಾರಿದ ಕಟಕಟ ಕೇಳಿದರೆ ವಾಪಸ್ ಇಡುವುದೇ ಲೇಸು. ಸೈರನ್, ದಿಕ್ಸೂಚಿಗಳಿಗೆ ಹೆಚ್ಚು ದುಡ್ಡು ತೆರಬೇಕಿಲ್ಲ. ಟಾರ್ಚ್ ಬೇಕು. ಮನೆಯಲ್ಲೇ ಇಡುವುದಾದರೆ, ಹಿಡಿಕೆಯೇ ಇಲ್ಲದ ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಮತ್ತು ಒಂದು ಡಜನ್ ಸೆಲ್ ಹಲವರಿಗೆ ಸಾಕಾಗುತ್ತದೆ. ಚಾರಣದ ಚೀಲದಲ್ಲಿ ತೂಕ ಮುಖ್ಯ, ಅಲ್ಲೂ ಇದೇ ಮಾತು.

ಬ್ಯಾಂಡ್ ಯಾವುದೆನ್ನುವುದು ಊರಿನ ಮೇಲೆ ನಿಂತಿದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರಕ್ಕೆ ಸಾಗುತ್ತದೆ. ನಡುವೆ ಗುಡ್ಡ ಬಂದರೆ ಆ ಬದಿಯ ಕಣಿವೆಗೆ ಇಳಿಯದು. ಬೆಂಗಳೂರಿನ 612, ಧಾರವಾಡದ 765 ಕಿಲೋಹರ್ಟ್ಸ್‌ನಂಥ ಮಧ್ಯಮ ತರಂಗ ನೆಲವನ್ನು ತಬ್ಬಿಕೊಂಡು ದೂರ ಹೋಗುತ್ತದೆ, ರಾತ್ರಿ ಆಕಾಶಕ್ಕೆ ತಾಗಿ ಮರಳಿ ಇನ್ನೂ ದೂರ ಕೇಳಿಸುತ್ತದೆ. ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗದ್ದಲದಿಂದ ಈಗ ಮನೆಯೊಳಗೆ ಮಧ್ಯಮ ತರಂಗ ಕೇಳುವುದೇ ಕಷ್ಟ. ಕರೆಂಟ್ ಹೋದ ಕ್ಷಣಕ್ಕೆ ಆ ಗದ್ದಲವೂ ಹೋಗುತ್ತದೆ. ಅನಾಹುತದ ರಾತ್ರಿ ಅದು ತಿಳಿಯಾಗಿ ಕೇಳುವ ಸಾಧ್ಯತೆ ಹೆಚ್ಚು. ಹಾಗಿದ್ದೂ ಪ್ರಸಾರ ಭಾರತಿ ಹಳೆಯ ಮಧ್ಯಮ ತರಂಗ ಟ್ರಾನ್ಸ್‌ಮಿಟರ್‌ಗಳನ್ನು ದೇಶದಾದ್ಯಂತ ಒಂದೊಂದಾಗಿ ಮುಚ್ಚುತ್ತ ಎಫ್‌ಎಂ ಕಡೆಗೆ ಹೊರಳಿದೆ. ಬಯಲುಸೀಮೆಗೆ ಇದು ಸರಿಹೋದೀತು. ಪಶ್ಚಿಮ ಘಟ್ಟದ ಕಣಿವೆಗಳಿಗೆ ಈ ಲೆಕ್ಕ ಒಪ್ಪುವುದಿಲ್ಲ.

ನಿಜವಾದ ಕೊರತೆ ಮಾತ್ರ ಅಂಗಡಿಯಲ್ಲಿ ಕೊಳ್ಳಲು ಸಿಗುವಂಥದ್ದಲ್ಲ. ಆಕಾಶವಾಣಿಯ ಹಲವು ಕೇಂದ್ರಗಳು ರಾತ್ರಿ ಹನ್ನೊಂದರ ಆಸುಪಾಸಿಗೆ ಪ್ರಸಾರ ಮುಗಿಸುವುದು ಹಳೆಯ ರೂಢಿ. ಗುಡ್ಡಕ್ಕೆ ಆ ವೇಳಾಪಟ್ಟಿ ಗೊತ್ತಿಲ್ಲ. 2024ರ ಜುಲೈ 30ರಂದು, ಕೊಡಗು ಮೈಸೂರುಗಳ ಗಡಿಗಂಟಿದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಮಣ್ಣು ಬಂದು ಬಿದ್ದದ್ದು ನಡುರಾತ್ರಿ ಕಳೆದು ಬೆಳಕು ಹರಿಯುವ ಮುನ್ನ; ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಹೊತ್ತಿನಲ್ಲಿ ಇಂಥ ಊರಿನ ಮನೆಯಲ್ಲಿ ಯಾರಾದರೂ ಹಿಡಿಕೆ ತಿರುಗಿಸಿದರೂ ಆ ಊರಿನ ಹೆಸರು ಹೇಳಿ ಎಚ್ಚರಿಸುವ ದನಿ ಬೇಕಲ್ಲ?

ಮಾಹಿತಿಯ ಬರವಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಪಕಗಳಿಂದ ನೇರ ಲೆಕ್ಕ ಬರುತ್ತದೆ. ಅದರ ಕಚೇರಿ ಯಲಹಂಕದಲ್ಲಿದೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲ್‌ಗಳೆಲ್ಲ ಒಟ್ಟಿಗೆ ವಿಚಿತ್ರವಾಗಿ ಕೂಗಿ ಜನರನ್ನು ಬೆಚ್ಚಿಬೀಳಿಸಿದ್ದು ತುರ್ತು ಸಂದೇಶದ ಪರೀಕ್ಷೆಯೇ. ಅದೇ ವರ್ಷ ಕೇಂದ್ರ ಸರ್ಕಾರ ಫೋನ್ ತಯಾರಕರಿಗೆ ಎಫ್‌ಎಂ ಸೌಲಭ್ಯ ತೆಗೆಯಬೇಡಿ ಎಂದು ಸಲಹೆ ಕಳಿಸಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಯಲಹಂಕದ ಗಣಕದಲ್ಲಿ ಮೂಡಿದ ಅಂಕಿ ಕೊಡಗಿನ ಗಾಳಿಬೀಡಿನ ಅಜ್ಜಿಯ ಅಡುಗೆಮನೆಗೆ ಕನ್ನಡದಲ್ಲಿ ಮುಟ್ಟುವ ಕೊನೆಯ ಮೈಲಿ ಇನ್ನೂ ಟವರ್‌ನ ಕೈಯಲ್ಲಿದೆ.

ಜಪಾನ್ ಈ ಗಂಟನ್ನು ಬೇರೆ ರೀತಿ ಬಿಡಿಸಿದೆ. 1985ರಿಂದಲೇ ಅಲ್ಲಿನ ಎನ್‌ಎಚ್‌ಕೆ, ಸುನಾಮಿಯಂಥ ಅಪಾಯದಲ್ಲಿ ತಕ್ಕ ರೇಡಿಯೊಗಳನ್ನು ತಾನಾಗಿ ಚಾಲೂ ಮಾಡುವ ಸಂಕೇತ ಬಿಡುತ್ತದೆ. 2011ರ ಭೂಕಂಪ, ಸುನಾಮಿಯ ಬಳಿಕ ಸುಮಾರು 30 ತಾತ್ಕಾಲಿಕ ವಿಪತ್ತು ಎಫ್‌ಎಂ ಕೇಂದ್ರಗಳು ಎದ್ದವು. ನೀರು ಎಲ್ಲಿ ಸಿಗುತ್ತದೆ, ಸ್ನಾನದ ವ್ಯವಸ್ಥೆ ಎಲ್ಲಿದೆ ಎಂಬಂಥ ಊರಿನ ಸಣ್ಣ ಸುದ್ದಿಯೇ ಅವುಗಳ ಕಸುಬು. ಕರ್ನಾಟಕಕ್ಕೆ ಇದು ಆಗದ ಮಾತಲ್ಲ. ಮಂಗಳೂರಿನ 'ಸಾರಂಗ್ 107.8'ನಂಥ ಸಮುದಾಯ ಬಾನುಲಿಗಳು ಇಲ್ಲಿ ನಡೆಯುತ್ತಿವೆ. ಅಂಥದ್ದೇ ಸಣ್ಣ ಟ್ರಾನ್ಸ್‌ಮಿಟರ್ ಒಂದು ಜನರೇಟರ್ ಜೊತೆಗಿದ್ದರೆ ಹತ್ತಾರು ಹಳ್ಳಿಗಳನ್ನು ಮುಟ್ಟಬಹುದು.

ಹಾಗಾಗಿ ರೇಡಿಯೊ ಕೊಳ್ಳುವವರ ಕೆಲಸ ಬಿಲ್ ಕಟ್ಟಿದಲ್ಲಿಗೆ ಮುಗಿಯಬಾರದು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕೆಂಪು ಎಚ್ಚರಿಕೆಯ ರಾತ್ರಿಗಳಲ್ಲಿ ಮಡಿಕೇರಿ, ಮಂಗಳೂರು, ಕಾರವಾರ, ಹಾಸನ ಕೇಂದ್ರಗಳು ಬೆಳಗಿನವರೆಗೆ ತೆರೆದಿರಬೇಕು, ಪ್ರತಿ ಗಂಟೆಯ ಆರಂಭಕ್ಕೆ ಹೋಬಳಿಗಳ ಹೆಸರು ಹಿಡಿದು ಐದು ನಿಮಿಷ ಮಾತಾಡಬೇಕು ಎಂದು ಅವರು ಆಕಾಶವಾಣಿಯೊಂದಿಗೆ ಮಳೆಗಾಲಕ್ಕೆ ಮುನ್ನವೇ ಒಪ್ಪಂದ ಮಾಡಿಕೊಳ್ಳಬಹುದು. ಗಂಟೆಗೊಂದು ಬಾರಿ ಎಂದು ಗೊತ್ತಿದ್ದರೆ ಜನ ಸೆಲ್ ಉಳಿಸಿ ಆ ಹೊತ್ತಿಗಷ್ಟೇ ರೇಡಿಯೊ ಹಚ್ಚುತ್ತಾರೆ. ಕಾಳಜಿ ಕೇಂದ್ರವಾಗುವ ಪ್ರತಿ ಶಾಲೆಗೆ ಒಂದು ಹಿಡಿಕೆಯ ರೇಡಿಯೊ, ಅದರ ಮೇಲೆ ಕೇಳಬೇಕಾದ ತರಂಗಾಂತರ ಬರೆದ ಒಂದು ಚೀಟಿ, ಮೇ ತಿಂಗಳಲ್ಲಿ ಒಂದು ರಾತ್ರಿ ಪ್ರಾಯೋಗಿಕ ಪ್ರಸಾರ. ಯಾವ ಕಣಿವೆಗೆ ದನಿ ಮುಟ್ಟಲಿಲ್ಲ ಎಂಬುದು ಆ ಒಂದೇ ರಾತ್ರಿಯಲ್ಲಿ ಪಂಚಾಯಿತಿಗಳಿಂದ ತಿಳಿದುಬರುತ್ತದೆ. ಮುಂದಿನ ಟ್ರಾನ್ಸ್‌ಮಿಟರ್ ಎಲ್ಲಿ ನಿಲ್ಲಿಸಬೇಕು, ಯಾವ ಮಧ್ಯಮ ತರಂಗವನ್ನು ಮುಚ್ಚಬಾರದು ಎಂದು ತೀರ್ಮಾನಿಸಲು ಪ್ರಸಾರ ಭಾರತಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಸಿಗದು.